ಹೆಸರುಗಳ ಶುಭಸಂದೇಶ
(ಮಾತೆ ಮರಿಯಮ್ಮನವರ ಜನ್ಮೋತ್ಸವದ ಪ್ರಬೋಧನೆ)



ಸೆಪ್ಟೆಂಬರ್ 8ರ ಶುಭಸಂದೇಶ ವಾಚನವೆಂದರೆ ನಮ್ಮಲ್ಲಿ ಅನೇಕರಿಗೆ ಆಕಳಿಕೆ. ಓದುವ ಗುರುಗಳಿಗೆ ನಾಲಿಗೆ ತೊಡರುವ ಭಯ! ಅಬ್ರಹಾಮನಿಂದ ಜೋಸೆಫರವರೆಗೆ ಬರೀ ಹೆಸರುಗಳು. ದಾವೀದ, ಸೊಲೊಮೋನರನ್ನು ನಾವು ಬಲ್ಲೆವು. ಆದರೆ ಅಬಿಹೂದ ಯಾರು? ಅಖೀಮ ಏನು ಮಾಡಿದ? ಹಳೆಯ ಒಡಂಬಡಿಕೆಯಲ್ಲಿ ಇವರ ಕಥೆಯೇ ಇಲ್ಲ. ಬಾಬಿಲೋನಿನ ಸೆರೆಯ ನಂತರ, ಸಿಂಹಾಸನವಿಲ್ಲದ ಕಾಲದಲ್ಲಿ ಬದುಕಿದವರು. ಸಂತ ಮತ್ತಾಯರು ಮಾತ್ರ ಇವರನ್ನು ಬಿಡದೆ ಬರೆದಿಟ್ಟರು.

ನಮ್ಮ ಒಂಬತ್ತು ದಿನಗಳ ನೊವೆನಾ ನಡೆದದ್ದೂ ಇಂಥವರಿಂದಲೇ. ಆಗಸ್ಟ್ 29ರಂದು ಬಾವುಟ ಏರುವ ಮೊದಲೇ ಗುಡಿಯ ಅಂಗಳ ಗುಡಿಸಿದವರು, ಮಾತೆಯ ತೇರಿಗೆ ರಾತ್ರಿಯೆಲ್ಲಾ ಹೂವು ಕಟ್ಟಿದ ಅಕ್ಕಂದಿರು, ಗಂಟಲು ಕಟ್ಟಿದರೂ ಹಾಡಿದ ಗಾಯನ ವೃಂದ, ಹೊರಗೆ ಬಿಸಿಲಲ್ಲಿ ನಿಂತು ಚಪ್ಪಲಿ ಕಾದವರು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಬೆಂಗಳೂರಿನ ಕ್ರೈಸ್ತ ಸ್ವಯಂಸೇವಕರು ಸ್ವಂತದವರೇ ಹತ್ತಿರ ಬರಲಾಗದ ಶವಗಳಿಗೆ ಹೆಗಲು ಕೊಟ್ಟದ್ದನ್ನು ನಾವು ಮರೆಯಬಾರದು.

ಇವರಲ್ಲಿ ಯಾರನ್ನು ಮಾತನಾಡಿಸಿದರೂ, "ಸ್ವಾಮಿಗಳಿಗೆ ಒಂದಿಷ್ಟು ಸಹಾಯ ಮಾಡ್ತೀವಿ ಅಷ್ಟೇ" ಎನ್ನುತ್ತಾರೆ. ವಿನಯ ಒಳ್ಳೆಯದೇ, ಆದರೆ ಮಾತು ಸರಿಯಲ್ಲ. ಶ್ರೀಸಾಮಾನ್ಯರ ಪ್ರೇಷಿತ ಕಾರ್ಯ ದೀಕ್ಷಾಸ್ನಾನದಿಂದಲೇ ಬರುತ್ತದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತು. 2021ರಲ್ಲಿ ಪೋಪ್ ಫ್ರಾನ್ಸಿಸ್‌ರವರು ವಾಚಕ ಹಾಗೂ ಪೀಠಸೇವಕ ಸೇವಾಪದವಿಗಳನ್ನು ಮಹಿಳೆಯರಿಗೂ ತೆರೆದರು. ಅದೇ ವರ್ಷ ಉಪದೇಶಿಗಳ ಸೇವೆಗೂ ಅಧಿಕೃತ ಸ್ಥಾನ ಕೊಟ್ಟರು. ಗುರುಗಳಾದ ನಾವು ವರ್ಗವಾಗಿ ಬರುತ್ತೇವೆ, ಹೋಗುತ್ತೇವೆ. ಇಲ್ಲಿನ ಮಕ್ಕಳಿಗೆ ಶಿಲುಬೆಯ ಗುರುತು ಕಲಿಸುವವರು, ಯಾವ ಮನೆಯಲ್ಲಿ ಕಾಯಿಲೆಯಿದೆ ಎಂದು ಬಲ್ಲವರು ನೀವೇ.

ಒಂದು ಆತಂಕವೂ ಇದೆ. ಪೊರಕೆ ಹಿಡಿಯುವ ಕೈಗಳು ಪ್ರತಿವರ್ಷ ಅವೇ, ಮತ್ತು ಅವುಗಳಿಗೆ ವಯಸ್ಸಾಗುತ್ತಿದೆ. ದುಡಿಯಲು ಕರೆಯುವ ನಾವು ತೀರ್ಮಾನಿಸುವಾಗಲೂ ಅವರನ್ನು ಕರೆಯಬೇಕು. ಪಾಲನಾ ಮಂಡಳಿಯಲ್ಲಿ ಹೂವು ಕಟ್ಟುವ ಅಕ್ಕನ ಮಾತಿಗೂ ಬೆಲೆಯಿದ್ದರೆ ಅವರ ಮಗಳು ನಾಳೆ ಬಂದಾಳು. ಬರೀ ಕೆಲಸಕ್ಕೆಂದರೆ ಯಾಕೆ ಬಂದಾಳು?

ಇಂದು ಬಲಿಪೂಜೆಯ ನಂತರ ಹೊಸ ಭತ್ತದ ತೆನೆ ಹಂಚಿ ಊಟಕ್ಕೆ ಕೂರುತ್ತೇವೆ. ಮೊದಲ ಪಂಕ್ತಿ ಸ್ವಯಂಸೇವಕರದ್ದು. ಅಡುಗೆ ಮನೆಯಲ್ಲಿರುವವರೂ ಸೌಟು ಕೆಳಗಿಟ್ಟು ಬನ್ನಿ. ಬಡಿಸುವುದಕ್ಕೆ ಗುರುಗಳೂ ಪಾಲನಾ ಮಂಡಳಿಯವರೂ ಇದ್ದೇವೆ.