ಪಾದಯಾತ್ರೆಗೆ ಮುನ್ನ ಪಾದ ನೋಡಿಕೊಳ್ಳಿ

(ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಕೆಲವರು ವೇಳಾಂಕಣ್ಣಿ ಆರೋಗ್ಯ ಮಾತೆಯ ಸನ್ನಿಧಿಗೆ ನಡೆದು ಹೋಗುವ ಹರಕೆ ಹೊತ್ತಿದ್ದೀರಿ. ಅಲ್ಲಿ ಆಗಸ್ಟ್ 29ಕ್ಕೆ ಧ್ವಜಾರೋಹಣ, ಸೆಪ್ಟೆಂಬರ್ 8ಕ್ಕೆ ಹಬ್ಬ. ಬೆಂಗಳೂರಿನಿಂದ ಹೊರಟರೆ 400 ಕಿ.ಮೀ.ಗೂ ಹೆಚ್ಚು ದಾರಿ. ನಮ್ಮ ಸಂಘಗಳ ಹಿಂದೂ ಸಹೋದರಿಯರು ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯುತ್ತಾರೆ. ದಾರಿ ಬೇರೆಯಾದರೂ ಕಾಲಿನ ನೋವು ಎಲ್ಲರಿಗೂ ಒಂದೇ. ಅದಕ್ಕೇ ಇವತ್ತು ಚಪ್ಪಲಿ ವಿಷಯ ಮಾತಾಡೋಣ.

"ಸಿಸ್ಟರ್, ಹರಕೆ ಅಂದ್ರೆ ಬರಿಗಾಲಲ್ಲೇ ಹೋಗಬೇಕಲ್ವಾ?" ಅಂತ ಕೇಳ್ತೀರಿ. ಮೋಶೆ ಪವಿತ್ರ ಸ್ಥಳದಲ್ಲಿ ಪಾದರಕ್ಷೆ ಕಳಚಿದ್ದು ನಿಜ. ಆದರೆ ಮಾರ್ಕನ ಶುಭಸಂದೇಶದ 6ನೇ ಅಧ್ಯಾಯ ಓದಿ. ಯೇಸುಸ್ವಾಮಿ ಶಿಷ್ಯರನ್ನು ಕಳಿಸುವಾಗ ರೊಟ್ಟಿ ಬೇಡ, ಜೋಳಿಗೆ ಬೇಡ ಎಂದರು. ಪಾದರಕ್ಷೆ ಮಾತ್ರ ಹಾಕಿಕೊಳ್ಳಿ ಎಂದರು. ದೇವಾಲಯದ ಬಾಗಿಲಲ್ಲಿ ಕಳಚೋಣ, ಟಾರು ರಸ್ತೆಯಲ್ಲಿ ಹಾಕಿಕೊಳ್ಳೋಣ. ಹರಕೆ ಮುರಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ಒಬ್ಬ ತಾಯಿ ಬರಿಗಾಲಲ್ಲಿ ಹೊರಟರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಅಂಗಾಲಿಗೆ ಗಾಜಿನ ಚೂರು ಹೊಕ್ಕಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಹಿಂದೆ ಬರುತ್ತಿದ್ದವರು ರಕ್ತ ನೋಡಿ ಹೇಳಿದರು. ಹುಣ್ಣು ಮಾಯಲಿಲ್ಲ, ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆ ಖರ್ಚಿಗೆ ಸಂಘದಲ್ಲಿ ಮಾಡಿದ ಸಾಲವನ್ನು ಮಗಳು ಕೂಲಿ ಮಾಡಿ ತೀರಿಸಿದಳು.

ಸಕ್ಕರೆ ಕಾಯಿಲೆ ಹಳೆಯದಾದಂತೆ ಕಾಲಿನ ನರಗಳು ಜೋಮು ಹಿಡಿದಂತಾಗಿ ನೋವು ತಿಳಿಯುವುದಿಲ್ಲ. ಗಾಯವೂ ಬೇಗ ಮಾಯುವುದಿಲ್ಲ. ಇಂಥವರು ಬರಿಗಾಲಲ್ಲಿ ನಡೆಯಲೇಬಾರದು. ಮೊದಲು ಡಾಕ್ಟರಿಗೆ ಕಾಲು ತೋರಿಸಿ. ಕುಷ್ಠರೋಗದಿಂದ ಕಾಲಿನ ಸ್ಪರ್ಶ ಕಳೆದುಕೊಂಡವರಿಗೆ ಕೊಡುವ ಎಂ.ಸಿ.ಆರ್. ಚಪ್ಪಲಿ ಇವರಿಗೂ ಆಗುತ್ತದೆ. ಅದರ ಒಳ ಅಟ್ಟೆ ಮೆತ್ತಗೆ, ಹೊರ ಅಟ್ಟೆ ಗಟ್ಟಿ.

ಉಳಿದವರು ಹೀಗೆ ಮಾಡಿ:

1. ಸಂಜೆ ಹೊತ್ತು ಕೊಳ್ಳಿ. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ಬೆಳಿಗ್ಗೆ ಸರಿಹೋದದ್ದು ದಾರಿಯಲ್ಲಿ ಬಿಗಿಯಾಗುತ್ತದೆ.

2. ಕಾಗದದ ಮೇಲೆ ನಿಂತು ಎರಡೂ ಪಾದಗಳ ಗುರುತು ಬರೆಸಿ, ಕತ್ತರಿಸಿ ಅಂಗಡಿಗೆ ಒಯ್ಯಿರಿ. ಒಳಗಿಟ್ಟಾಗ ಕಾಗದ ಮಡಚಿಕೊಂಡರೆ ಆ ಜೋಡು ಬೇಡ. ಬೆರಳುಗಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಲಿ.

3. ಹವಾಯಿ ಚಪ್ಪಲಿ ದೂರದ ದಾರಿಗಲ್ಲ. ಅದನ್ನು ಬೆರಳಲ್ಲೇ ಹಿಡಿದು ನಡೆಯಬೇಕು. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಹಗುರವಾದ ಶೂ ಒಳ್ಳೆಯದು.

4. ಒಂದು ತಿಂಗಳು ಮೊದಲೇ ಕೊಂಡು ಸಂತೆಗೆ, ಚರ್ಚಿಗೆ, ಸಂಘದ ಸಭೆಗೆ ಅದನ್ನೇ ಹಾಕಿಕೊಂಡು ಬನ್ನಿ. ಹೊಸ ಚಪ್ಪಲಿ ಕಚ್ಚುವುದಾದರೆ ಊರಲ್ಲೇ ಕಚ್ಚಲಿ.

5. ದಾರಿಯಲ್ಲಿ ಹಾಕಿಕೊಳ್ಳುವ ಮುಂಚೆ ಒಳಗೆ ಕೈಯಾಡಿಸಿ, ಕಲ್ಲು-ಮುಳ್ಳು ಇದ್ದೀತು. ಒದ್ದೆ ಕಾಲುಚೀಲ ಬದಲಿಸಿ. ನೀರುಗುಳ್ಳೆ ಎದ್ದರೆ ಒಡೆಯಬೇಡಿ, ಶುದ್ಧ ಬಟ್ಟೆ ಕಟ್ಟಿ.

ಗಂಡನಿಗೆ ಚಪ್ಪಲಿ, ಮಕ್ಕಳಿಗೆ ಶೂ ಕೊಳ್ಳುವ ನಾವು, ನಮ್ಮ ಹವಾಯಿಗೆ ಮಾತ್ರ ಪಿನ್ನು ಹಾಕಿಕೊಂಡೇ ವರ್ಷ ಕಳೆಯುತ್ತೇವೆ. ಇದು ಉಳಿತಾಯ ಅಲ್ಲ ತಾಯಂದಿರೇ. ಹೊರಡುವವರು ಈ ವಾರದಿಂದಲೇ ಚಪ್ಪಲಿಗೆಂದು ಸ್ವಲ್ಪ ಹಣ ತೆಗೆದಿಡಿ.

ಯೇಸುಸ್ವಾಮಿ ಶಿಷ್ಯರ ಪಾದ ತೊಳೆದರು. ನೀವೂ ರಾತ್ರಿ ತಂಗಿದಲ್ಲಿ ಕಾಲು ತೊಳೆದು, ಬೆರಳ ಸಂದು ಒರೆಸಿ, ಒಬ್ಬರ ಅಂಗಾಲು ಇನ್ನೊಬ್ಬರು ನೋಡಿ. ಅದೂ ಪ್ರಾರ್ಥನೆಯೇ. ಹೋದಷ್ಟೇ ಜನ, ಹೋದ ಕಾಲಲ್ಲೇ, ಕ್ಷೇಮವಾಗಿ ಹಿಂದಿರುಗಿ ಬನ್ನಿ.