ಬುಟ್ಟಿ ಹೊತ್ತ ಬೇಸಿಗೆ, ಮಕ್ಕಳ ಆಟ
(ದರಿಬಡಚಿಯ ಕೂಟದಲ್ಲಿ ಮಾಡಿದ ಭಾಷಣ)



ಮಕ್ಕಳ ಖೋ-ಖೋ ಪಂದ್ಯ ಈಗಷ್ಟೇ ಮುಗಿದಿದೆ. ಸೋತ ತಂಡದವರು ಬೇವಿನ ಮರದ ಕೆಳಗೆ ತಲೆ ತಗ್ಗಿಸಿ ಕುಳಿತಿದ್ದಾರೆ. ಗೆರೆಯಾಚೆ ನಿಂತು ಕೂಗಾಡಿದವರು ನಾವೇ. "ನಿಮ್ಮ ವಯಸ್ಸಿನಾಗ ನಾವು ಖಡಿ ಒಡೀತಿದ್ವಿ, ನಿಮಗ ಓಡಾಕೂ ಆಗೂದಿಲ್ಲೇನು?" ಎಂದು ಮೊಮ್ಮಕ್ಕಳನ್ನು ಹಂಗಿಸಿದವರೂ ನಾವೇ. ಆ ಮಾತನ್ನು ಕುರಿತೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

1972ರ ಬರಗಾಲದಲ್ಲಿ ನಾವು ಹತ್ತು ಹನ್ನೆರಡು ವರುಷದವರು. ನಮ್ಮ ಜತ್ತ ತಾಲೂಕು ಮೊದಲೇ ಮಳೆ ಕಡಿಮೆಯ ಸೀಮೆ. ರಸ್ತೆ, ಕೆರೆ, ಒಡ್ಡುಗಳ ಸರಕಾರಿ ಕೆಲಸವೇ ಜನರ ಜೀವ ಉಳಿಸಿತು. ಇದರಲ್ಲಿ ಸಂಶಯವಿಲ್ಲ. ನಮ್ಮದೇ ಸಾಂಗಲಿ ಜಿಲ್ಲೆಯ ವಿಸಾಪುರದಲ್ಲಿ ವಿ. ಸ. ಪಾಗೆಯವರ ಮುತುವರ್ಜಿಯಿಂದ 1965ರಲ್ಲಿ ಪ್ರಯೋಗಕ್ಕೆ ಬಂದ ಉದ್ಯೋಗ ಖಾತ್ರಿಯ ವಿಚಾರ 1977ರಲ್ಲಿ ಕಾಯಿದೆಯಾಯಿತು. ಕೆಲಸ ಕೇಳುವುದು ದುಡಿಯುವವನ ಹಕ್ಕೆಂದಾಯಿತು. ಸಣ್ಣ ಮಾತಲ್ಲ ಅದು.

ಆದರೆ ಕೂಲಿ ಅಳತೆಯ ಮೇಲೆ. ಅಗೆದ ಮಣ್ಣು, ಒಡೆದ ಖಡಿ ಎಷ್ಟು ಬ್ರಾಸು ಎಂದು ಲೆಕ್ಕ. ಅಳತೆ ತುಂಬದಿದ್ದರೆ ಮನೆಯ ಮಕ್ಕಳೂ ಹೊರಡಬೇಕು. ಮಸ್ಟರಿನಲ್ಲಿ ಅವ್ವನ ಹೆಸರು, ಬುಟ್ಟಿ ನಮ್ಮ ತಲೆಯ ಮೇಲೆ. ಬರಿಗಾಲಿಗೆ ಕಾದ ನೆಲ. ಮನೆಗೆ ಬಂದರೆ ಮಿಲೋ ಜೋಳದ ರೊಟ್ಟಿ. ಆ ದುಡಿತದಿಂದ ಗಟ್ಟಿಯಾದೆವೆಂದು ಈಗ ಎದೆ ತಟ್ಟಿಕೊಳ್ಳುತ್ತೇವೆ. ನಮ್ಮ ಜೊತೆಗೇ ಕುಳಿತು ಖಡಿ ಒಡೆಯುತ್ತಿದ್ದ ಒಬ್ಬ ಹುಡುಗನಿಗೆ ಚೂರು ಸಿಡಿದು ಒಂದು ಕಣ್ಣು ಹೋಯಿತು. ನಮ್ಮ ಹೆಮ್ಮೆಯ ಕಥೆಯಲ್ಲಿ ಅವನು ಬರುವುದೇ ಇಲ್ಲ. ಶಾಲೆ ಬಿಟ್ಟು ಮತ್ತೆ ಹೋಗದಿದ್ದವರೂ ಬರುವುದಿಲ್ಲ.

ನಾವು ಮರೆತ ಮತ್ತೊಂದು ಸಂಗತಿಯುಂಟು. ಅಷ್ಟು ದಣಿದಿದ್ದರೂ ಬೆಳದಿಂಗಳಿದ್ದರೆ ಅಗೆದ ಮಣ್ಣಿನ ಮೇಲೆಯೇ ಹುತುತು ಆಡುತ್ತಿದ್ದೆವು. ನೋಡುವವರಿಲ್ಲ, ಕೂಗುವವರಿಲ್ಲ. ಗೆದ್ದವರು ಯಾರೆಂಬುದು ಮರುದಿನ ನೆನಪಿರುತ್ತಿರಲಿಲ್ಲ. ಹಗಲೆಲ್ಲ ಅಳೆಸಿಕೊಂಡ ನಮಗೆ ಆ ಒಂದು ತಾಸಷ್ಟೇ ಅಳತೆಯಿರಲಿಲ್ಲ. ಅದನ್ನೇ ಈಗ ಮೊಮ್ಮಕ್ಕಳಿಂದ ಕಸಿದುಕೊಂಡು, ಅವರ ಆಟವನ್ನೂ ಬ್ರಾಸಿನ ಲೆಕ್ಕಕ್ಕೆ ಹಚ್ಚುತ್ತಿದ್ದೇವಲ್ಲ!

ಸ್ಪರ್ಧೆಯೇ ಬೇಡವೆಂದು ನಮ್ಮ ವಾದವಲ್ಲ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವರು 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋಗಿ ಆರನೆಯವರಾಗಿ ಮರಳಿದರು. ಆರನೆಯವನೆಂದು ಅವರನ್ನು ಕೈಬಿಡಲಿಲ್ಲ. ಜನ ಹಣ ಕೂಡಿಸಿ ಮತ್ತೆ ಕಳಿಸಿದರು. 1952ರಲ್ಲಿ ಹೆಲ್ಸಿಂಕಿಯಿಂದ ಕಂಚಿನ ಪದಕ ತಂದರು. ನಾವೋ, ಒಂದು ಪಂದ್ಯ ಸೋತ ಮಗುವಿಗೆ ಸಂಜೆಯ ಊಟ ಸೇರದಂತೆ ಮಾಡುತ್ತೇವೆ.

ಕಳೆದ ಮೇ ತಿಂಗಳ ಸಂಗತಿ ನಿಮಗೆ ಗೊತ್ತು. ಮಧ್ಯಾಹ್ನದ ಅಭ್ಯಾಸದಲ್ಲಿ ಹುಡುಗಿಯೊಬ್ಬಳು ತಲೆ ತಿರುಗಿ ಬಿದ್ದಳು. ಎಚ್ಚರವಾದೊಡನೆ ಆಕೆ ಕೇಳಿದ್ದು ನೀರಲ್ಲ. "ಅಜ್ಜಾ ಸಿಟ್ಟಾಗ್ಯಾನೇನು?" ಎಂದು ಕೇಳಿದಳು. ಆ ಅಜ್ಜ ಇಲ್ಲಿಯೇ, ನಮ್ಮ ನಡುವೆಯೇ ಕುಳಿತಿದ್ದಾರೆ. ಈ ಮಾತನ್ನು ಹೇಳಲೇಬೇಕೆಂದು ನಮ್ಮನ್ನು ಕೇಳಿಕೊಂಡವರೂ ಅವರೇ.

ಇನ್ನು ಬೇಸಿಗೆಯಲ್ಲಿ ಅಭ್ಯಾಸ ಬೆಳಗಿನ ಎಂಟು ಗಂಟೆಯೊಳಗೆ ಮುಗಿಯಲಿ. ಅಂಕಣದ ಪಕ್ಕದಲ್ಲಿ ನೀರಿನ ಕೊಡವಿರಲಿ. ಹಿರಿಯರು ಗೆರೆಯಿಂದ ದೂರವೇ ಕೂಡಲಿ. ಈಗ ಏಳೋಣ, ಬೇವಿನ ಮರದ ಕೆಳಗಿರುವ ಮಕ್ಕಳು ಇನ್ನೂ ಊಟ ಮಾಡಿಲ್ಲ.