ಶಸ್ತ್ರಚಿಕಿತ್ಸೆಯ ಬಳಿಕವೂ ಉಳಿಯುವ ಹೊಣೆ
(ಮಧುಗಿರಿಯಲ್ಲಿ ಹಿರಿಯರ ಆರೋಗ್ಯದ ಕುರಿತು ಮಾಡಿದ ಭಾಷಣದ ಸಾರ)



ಮುಪ್ಪಡರಿದ ಹೆತ್ತವರ ಮುಂದೆ ಬೇಸರದ ಒಂದು ಉದ್ಗಾರವೂ ಸಲ್ಲದೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಹೀಗಿರುವಾಗ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ತಾಯಿಗೆ ಆಪರೇಷನ್ ಮಾಡಿಸಿದೊಡನೆ ಕರ್ತವ್ಯ ಮುಗಿಯಿತೆಂದು ನಾವು ಭಾವಿಸಬಹುದೇ? ಜೋಡಿಸಿದ ಸ್ಕ್ರೂ ಕೆಲವೊಮ್ಮೆ ತೊಡೆಮೂಳೆಯ ತಲೆಯನ್ನು ಕೊರೆದು ಹೊರಬರುತ್ತದೆ. ಮೂಳೆ ಕೂಡದಿದ್ದರೆ ರಾಡೇ ಮುರಿಯಬಹುದು. ಆಗ ಆ ವೃದ್ಧ ಶರೀರ ಮತ್ತೊಂದು ಶಸ್ತ್ರಚಿಕಿತ್ಸೆಯನ್ನು ತಾಳಬೇಕಾಗುತ್ತದೆ.

ಇದಕ್ಕೆ ಕಾರಣಗಳಾವುವು? ಮೊದಲನೆಯದು ಮೂಳೆಯ ದೌರ್ಬಲ್ಯ. ಟೊಳ್ಳಾದ ಮೂಳೆಯಲ್ಲಿ ಸ್ಕ್ರೂ ಭದ್ರವಾಗಿ ಹಿಡಿಯುವುದಿಲ್ಲ. ಮುಟ್ಟು ನಿಂತ ಬಳಿಕ ಸ್ತ್ರೀಯರ ಮೂಳೆ ಬೇಗ ಸವೆಯುತ್ತದೆ. ಬಿಸಿಲು ಕಾಣದ ಬದುಕಿನಿಂದ ಡಿ ಜೀವಸತ್ವವೂ ಕುಗ್ಗುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ವಿಶೇಷವಾಗಿ ಪಾವಗಡದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹಳೆಯ ಪೀಡೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗಳಿಗೆ ಅಪಾಯ. ಫ್ಲೋರೋಸಿಸ್ ತಗಲಿದ ಮೂಳೆ ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಒಳಗೆ ಪೆಡಸು. ಆದ್ದರಿಂದ ಕುಡಿಯುವ ನೀರಿನ ವಿವರವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಎರಡನೆಯದು ಮುರಿತದ ಸ್ವರೂಪ ಮತ್ತು ಜೋಡಣೆ. ಹಲವು ಚೂರುಗಳಾದ ಮುರಿತ ಅಸ್ಥಿರವಾದುದು. ಸ್ಕ್ರೂವಿನ ತುದಿಯಿಂದ ಮೂಳೆಯ ತಲೆಯ ಶಿಖರಕ್ಕಿರುವ ಅಂತರ, ಎರಡು ಎಕ್ಸ್‌ರೇಗಳನ್ನು ಕೂಡಿಸಿದಾಗ 25 ಮಿಲಿಮೀಟರಿನೊಳಗಿರಬೇಕೆಂಬ ನಿಯಮವು 1995ರ ಒಂದು ಅಮೆರಿಕನ್ ಅಧ್ಯಯನದಿಂದ ರೂಢಿಗೆ ಬಂದಿತು. ಇದು ವೈದ್ಯರ ಹೊಣೆ.

ಮೂರನೆಯದು ನಮ್ಮ ಹೊಣೆ. ನಾಟಿ ಕಟ್ಟು ಹಾಕಿಸಿ ದಿನಗಳನ್ನು ಕಳೆಯುವುದು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಬೀಡಿ, ಪೌಷ್ಟಿಕಾಂಶದ ಕೊರತೆ, ಮತ್ತೊಮ್ಮೆ ಬೀಳುವುದು - ಇವೆಲ್ಲವೂ ಹಾನಿಕರ. ರೋಗಿಯನ್ನು ಮಲಗಿಸಿಯೇ ಇಡುವುದೂ ರಕ್ಷಣೆಯಲ್ಲ. ವೈದ್ಯರು ಹೇಳಿದಷ್ಟು ಭಾರವೂರಿ ವಾಕರ್ ಹಿಡಿದು ನಡೆಸಬೇಕು. ತೊಡೆಸಂದಿನಲ್ಲಿ ಹೊಸ ನೋವು, ಕಾಲು ಗಿಡ್ಡವಾಗುವುದು, ಗಾಯ ಸೋರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ನೆಲದಲ್ಲೇ ಸುಜೂದ್ ಮಾಡುವೆನೆಂದು ಹಿರಿಯರು ಹಟ ಹಿಡಿಯುವುದುಂಟು. ನಿಲ್ಲಲಾಗದವರು ಕುಳಿತು, ಅದೂ ಆಗದವರು ಮಲಗಿ ನಮಾಝ್ ಮಾಡಲು ಪ್ರವಾದಿವರ್ಯರು(ಸ) ಅನುಮತಿಸಿದ್ದಾರೆ. ಕುರ್ಚಿಯ ಮೇಲಿನ ನಮಾಝ್ ಭಕ್ತಿಯ ಕೊರತೆಯಲ್ಲ, ಧರ್ಮವೇ ನೀಡಿದ ರಿಯಾಯಿತಿ.

ಮದುವೆಯ ಔತಣಕ್ಕೆ ಸಾಲ ಮಾಡುವ ನಾವು, ಬಚ್ಚಲಿಗೆ ಒಂದು ಹಿಡಿಗಂಬಿ ಹಾಕಿಸಲು ಹಿಂದೆಮುಂದೆ ನೋಡುತ್ತೇವೆ. ಮತ ಕೇಳಲು ಬಂದವರೊಡನೆ ಸಮುದಾಯ ಭವನದ ಮಾತಾಡುತ್ತೇವೆ, ಶುದ್ಧ ನೀರಿನ ಮಾತೆತ್ತುವುದಿಲ್ಲ. ಫ್ಲೋರೈಡಿಗೆ ಜಾತಿ ಮತಗಳಿಲ್ಲ; ನೀರಿನ ಹೋರಾಟದಲ್ಲಿ ನೆರೆಹೊರೆಯ ಎಲ್ಲರೊಡನೆ ನಾವು ನಿಲ್ಲಬೇಕು. ಹೆತ್ತವರ ಸೇವೆಯ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.